ವಾರಾನ್ನದಿಂದ ಜೋಳಿಗೆಗೆ



ಅನಾಥನೆಂಬ ಶಬ್ದವನ್ನು ನಾವು ಬಹು ಸಲೀಸಾಗಿ ಬಳಸುತ್ತೇವೆ. ನಾಥನಿಲ್ಲದವನು ಅನಾಥ, ಎಂದರೆ, ಕಾಯತಕ್ಕವರು ಇಲ್ಲದವನು. ಶಬ್ದದ ವ್ಯುತ್ಪತ್ತಿಯಲ್ಲಿ ತಂದೆತಾಯಿಗಳ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಬೇಕು. ಹೆತ್ತವರನ್ನು ಕಳೆದುಕೊಂಡ ಮಗುವಿಗೆ ಅಕ್ಕರೆಯುಳ್ಳ ಸೋದರಮಾವನೊಬ್ಬನಿದ್ದರೆ ಅದು ಅನಾಥವಲ್ಲ. ಹೆತ್ತವರು ಬದುಕಿದ್ದೂ ಕಾಯಲಾರದವರಾದರೆ ಆ ಮಗು ಅನಾಥವೇ ಸರಿ. ಇಂದಿಗೂ ನಮ್ಮ ಮಕ್ಕಳ ಆಶ್ರಮಗಳಲ್ಲಿ ಈ ಎರಡನೆಯ ಬಗೆಯ ಮಕ್ಕಳು ಬಹುಮಂದಿ ಇದ್ದಾರೆ.

ಸರ್ಕಾರದ ಆಜ್ಞೆಯಿಲ್ಲದೆ, ಸಂಬಳದ ಅಪೇಕ್ಷೆಯಿಲ್ಲದೆ, ಇಂಥ ಮಕ್ಕಳಿಗೆ ಅನ್ನವಿಟ್ಟ ಜನರ ಚರಿತ್ರೆಯನ್ನು ಕುರಿತು ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇನೆ. ನಾನು ನಿಂತು ನೋಡುತ್ತಿರುವ ಸ್ಥಳ ತುಂಗೆಯ ದಡದ ಶಿವಮೊಗ್ಗೆ, ಮತ್ತು ಭದ್ರೆಯ ದಡದ ಭದ್ರಾವತಿ. ಆದರೆ ಈ ಕಥೆ ಎರಡು ಊರುಗಳ ಎಲ್ಲೆಯೊಳಗೆ ನಿಲ್ಲುವುದಲ್ಲ. ತುಮಕೂರಿಗೂ ಗದಗಿಗೂ ಮಲ್ಲಾಡಿಹಳ್ಳಿಗೂ ಹೋಗಿಬರಬೇಕಾಗುತ್ತದೆ. ಅನ್ನ ಕೊಟ್ಟವರು ಯಾರು ಎಂಬುದನ್ನು ಚರಿತ್ರೆಕಾರರು ಬರೆದಿಡುತ್ತಾರೆ; ಛತ್ರದ ಕಲ್ಲಿನ ಮೇಲೆ ಅದನ್ನು ಕೆತ್ತಿಸುವುದೂ ಉಂಟು. ಅನ್ನಕ್ಕಾಗಿ ಬಾಗಿಲಲ್ಲಿ ನಿಂತು ಬೇಡಿದವರು ಯಾರು ಎಂಬುದನ್ನು ಕೇಳುವವರು ಕಡಮೆ. ನನಗೆ ಮುಖ್ಯವಾಗಿ ತೋರುವುದು ಆ ಎರಡನೆಯ ಪ್ರಶ್ನೆ.

ಹಳೆಯ ಕಾಲದ ಹಳ್ಳಿಯಲ್ಲಿ ಅನಾಥಾಲಯವೆಂಬುದಿರಲಿಲ್ಲ. ಅದರ ಕೆಲಸವನ್ನು ಬಂಧುತ್ವವೇ ಮಾಡುತ್ತಿತ್ತು. ಚಿಕ್ಕಪ್ಪನ ಮನೆ, ಅಜ್ಜಿಯ ಮನೆ, ಅವೆರಡೂ ಇಲ್ಲದಿದ್ದರೆ ಊರ ಮಠ. ಆ ವ್ಯವಸ್ಥೆಯನ್ನು ಹೊಗಳಿ ಹಾಡುವವರು ಅದರ ಇನ್ನೊಂದು ಮುಖವನ್ನು ಮರೆಯುತ್ತಾರೆ. ಚಿಕ್ಕಪ್ಪನ ಮನೆಯಲ್ಲಿ ಬೆಳೆದ ಮಗು ಎಷ್ಟೋ ವೇಳೆ ಸಂಬಳವಿಲ್ಲದ ದನಗಾಹಿಯಾಗಿ ಬೆಳೆಯಿತು. ಹೆಣ್ಣು ಮಗುವಾದರಂತೂ ಹತ್ತು ತುಂಬುವುದರೊಳಗೆ ಯಾರದೋ ಮನೆಯ ಸೊಸೆಯಾಗಿ ಹೋಯಿತು. ಮಲೆನಾಡಿನಲ್ಲಿ ಚಳಿಜ್ವರ ಒಂದು ಮನೆಯನ್ನು ಹೊಕ್ಕರೆ ದೊಡ್ಡವರು ಚಿಕ್ಕವರೆನ್ನದೆ ಮಲಗಿಸುತ್ತಿತ್ತು; ಕಾಯಬೇಕಾದ ಬಂಧುಗಳೇ ಮಗುವಿನ ಹೆತ್ತವರೊಡನೆ ಹೋಗಿಬಿಡುತ್ತಿದ್ದರು. ಹಾಗೂ ಆ ವ್ಯವಸ್ಥೆ ಹೇಗೋ ನಡೆದುಕೊಂಡು ಬಂತು. ಅದು ಮುರಿದುಬಿದ್ದದ್ದು 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ.

ಆ ಕ್ಷಾಮದ ಪ್ರಮಾಣವನ್ನು ತಿಳಿಯಲು ಎರಡು ಅಂಕಿಗಳು ಸಾಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನ ಎಂಟು ಲಕ್ಷಕ್ಕೂ ಮೀರಿ ಕುಗ್ಗಿದರು. ಮಳೆಯ ಸೀಮೆಯಾದ ಶಿವಮೊಗ್ಗೆಯ ಕಡೆಗೆ ಬರದ ಪೆಟ್ಟು ಕೋಲಾರ, ತುಮಕೂರು, ಚಿತ್ರದುರ್ಗಗಳಷ್ಟು ಕ್ರೂರವಾಗಿರಲಿಲ್ಲವೆಂಬುದು ನಿಜ. ಬಯಲುಸೀಮೆಯಲ್ಲಾದರೋ ಬಂಧುತ್ವವೆಂಬ ಆಧಾರವೇ ಊರೂರುಗಳಲ್ಲಿ ಕುಸಿಯಿತು. ಚಿಕ್ಕಪ್ಪನೂ ಸತ್ತ, ಅಜ್ಜಿಯೂ ಸತ್ತಳು, ಮಠದ ಕಣಜವೂ ಬರಿದಾಯಿತು. ಗಂಜಿಕೇಂದ್ರಗಳ ಬಾಗಿಲಲ್ಲಿ ಹೆಸರು ಹೇಳಲೂ ತಿಳಿಯದ ಶಿಶುಗಳು ಉಳಿದುವು.

ಅವರನ್ನು ಎತ್ತಿಕೊಂಡವರು ಯಾರು? ಮುಚ್ಚುಮರೆಯಿಲ್ಲದೆ ಹೇಳಬೇಕಾದರೆ, ಬಹುಮಟ್ಟಿಗೆ ಕ್ರೈಸ್ತ ಮಿಷನ್ನಿನವರು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯಗಳನ್ನು ನಡೆಸಿದರು. ಕ್ಯಾಥೊಲಿಕರು ಕ್ಷಾಮದಲ್ಲಿ ಉಳಿದ ಮಕ್ಕಳಿಗಾಗಿ ಬೆಂಗಳೂರಿನ ಹತ್ತಿರ ಬೇಸಾಯದ ಊರನ್ನೇ ಕಟ್ಟಿಸಿದರು. ಶಿಲುವೆಪುರವೆಂಬ ಹೆಸರು ಆ ಕಥೆಯನ್ನು ಇನ್ನೂ ಹೇಳುತ್ತಿದೆ. ಮಗುವಿಗೆ ಅನ್ನದೊಡನೆ ಹೊಸ ಮತವೂ ಬಂತು. ಇದನ್ನು ನಮ್ಮ ಹಿರಿಯರು ಆಕ್ಷೇಪಿಸಿದರು. ಆಕ್ಷೇಪಿಸುವ ಹಕ್ಕು ಅವರಿಗೆ ಇರಬಹುದು. ಆದರೆ ಮಗು ಬೀದಿಯಲ್ಲಿದ್ದಾಗ ಎತ್ತಿಕೊಳ್ಳದ ಕೈ ಅದು ಇನ್ನೊಬ್ಬರ ತೊಡೆಯೇರಿದ ಮೇಲೆ ಮೇಲೆದ್ದಿತೆಂಬುದನ್ನೂ ಚರಿತ್ರೆ ಬರೆದುಕೊಂಡಿದೆ. ಕೆಲವರು ಆಕ್ಷೇಪಣೆಯಲ್ಲಿ ನಿಲ್ಲದೆ ಕೆಲಸಕ್ಕೆ ಕೈಹಾಕಿದರೆಂಬುದು ನಮ್ಮ ಭಾಗ್ಯ. ಕ್ಷಾಮಕ್ಕೆ ಮುಂಚೆಯೇ, 1875ರಲ್ಲಿ, ಬೊಂಬಾಯಿಯ ಪ್ರಾರ್ಥನಾ ಸಮಾಜದವರು ಕನ್ನಡಿಗರಿಗೂ ಯಾತ್ರಾಸ್ಥಳವಾದ ಪಂಢರಪುರದಲ್ಲಿ ಬಾಲಕಾಶ್ರಮವನ್ನು ತೆರೆದಿದ್ದರು. ಮೈಸೂರಿನಲ್ಲಿ ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು (1844-1933) ಅನಾಥಾಲಯವನ್ನು ಸ್ಥಾಪಿಸಿದರು. ಪತ್ರಿಕಾಕರ್ತರು, ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರು, ದಿವಾನರ ಎದುರಿಗೂ ಅಂಜದೆ ಮಾತಾಡಿದವರು. ಆದರೂ ಬಡ ಹುಡುಗರ ಊಟದ ವಿಷಯ ಬಂದಾಗ ಅವರು ಯಾರ ಮುಂದೆಯೂ ಕೈಚಾಚಲು ಹಿಂಜರಿಯಲಿಲ್ಲ.

ಅನಾಥಾಲಯ ಒಂದೆರಡು ದೊಡ್ಡ ಊರುಗಳಲ್ಲಿ ಮಾತ್ರ ಇತ್ತು. ಮಿಕ್ಕ ಕಡೆಗಳಲ್ಲಿ ಓದಬೇಕೆಂಬ ಹುಡುಗನ ಪಾಲಿಗಿದ್ದುದು ವಾರಾನ್ನ. ಈ ಪದ್ಧತಿ ಇಂದು ಬಹುಮಟ್ಟಿಗೆ ಕಣ್ಮರೆಯಾಗಿರುವುದರಿಂದ ಸ್ವಲ್ಪ ವಿಶದವಾಗಿ ಹೇಳುವುದು ಒಳ್ಳೆಯದು.

ತಂದೆ ಸತ್ತ ಹುಡುಗನೊಬ್ಬ ತೀರ್ಥಹಳ್ಳಿಯ ಕಡೆಯಿಂದಲೋ ನಗರದ ಕಡೆಯಿಂದಲೋ ಜಿಲ್ಲೆಯ ಮುಖ್ಯಸ್ಥಳವಾದ ಶಿವಮೊಗ್ಗೆಗೆ ಓದಲು ಬರುತ್ತಾನೆಂದು ಇಟ್ಟುಕೊಳ್ಳಿ. ಅವನು ಏಳು ಮನೆಗಳನ್ನು ಹುಡುಕಿಕೊಳ್ಳಬೇಕು. ಸೋಮವಾರ ವಕೀಲರ ಮನೆ, ಮಂಗಳವಾರ ಮಂಡಿಯ ಗುಮಾಸ್ತರ ಮನೆ, ಬುಧವಾರ ಪುರೋಹಿತರ ಮನೆ, ಹೀಗೆ. ಏಳು ದೊರೆತವನು ಸಿರಿವಂತ. ಐದು ದೊರೆತರೆ ಮಿಕ್ಕೆರಡು ದಿನ ದೇವಸ್ಥಾನದ ಪ್ರಸಾದ, ಇಲ್ಲವೆ ತಣ್ಣೀರು. ಮನೆಯಾಕೆ ತವರಿಗೆ ಹೋದರೆ ಆ ವಾರ ತಪ್ಪಿತು; ಮನೆಯಲ್ಲಿ ಸೂತಕ ಬಂದರೆ ಹತ್ತು ದಿನ ತಪ್ಪಿತು; ಏಕಾದಶಿಯ ದಿನವಂತೂ ಕೇಳುವುದೇ ಬೇಡ. ಊಟದ ಹೊತ್ತಿಗೆ ಸರಿಯಾಗಿ ಹೋಗಬೇಕು, ಆದರೆ ಮನೆಯ ಯಜಮಾನರ ಊಟಕ್ಕಿಂತ ಮುಂಚೆ ಹೋಗಬಾರದು. ಶಾಲೆಯ ಗಂಟೆ ಹೊಡೆದರೂ ಎಲೆ ಹಾಕುವವರೆಗೆ ಜಗಲಿಯಲ್ಲಿ ಕುಳಿತಿರಬೇಕು. ಬಾವಿಯಿಂದ ನೀರು ಸೇದಿಕೊಡುವುದು, ಪೂಜೆಗೆ ಹೂ ತಂದುಕೊಡುವುದು, ಮಗುವನ್ನಾಡಿಸುವುದು, ಇವು ಬಾಯಿಬಿಟ್ಟು ಹೇಳದ ಕರಾರುಗಳು.

ಇಷ್ಟಾದರೂ ವಾರಾನ್ನವನ್ನು ಹಗುರಾಗಿ ಕಾಣಲು ನನಗೆ ಮನಸ್ಸು ಬಾರದು. ಮಾಸ್ತಿ ವೆಂಕಟೇಶ ಅಯ್ಯಂಗಾರರು (1891-1986) ವಾರಾನ್ನದ ಎಲೆಯ ಮುಂದೆ ಕುಳಿತು ಓದಿ ಮುಂದಕ್ಕೆ ಬಂದವರು. ಅವರಂತೆ ಹೆಸರು ಬಾರದಿದ್ದರೂ ಮೇಷ್ಟರಾಗಿ, ಶಾನುಭೋಗರಾಗಿ, ಅಮಲ್ದಾರರಾಗಿ ಸಂಸ್ಥಾನದ ಸೇವೆ ಮಾಡಿದವರು ಎಷ್ಟೋ ಮಂದಿ. ಎಷ್ಟೋ ತಾಯಂದಿರು ತಮ್ಮ ಮಕ್ಕಳಿಗೂ ವಾರದ ಹುಡುಗನಿಗೂ ಒಂದೇ ಸೌಟಿನಲ್ಲಿ ಒಂದೇ ಅಳತೆಯ ತುಪ್ಪ ಬಡಿಸಿದರು. ಅದನ್ನು ಯಾರೂ ವರದಿ ಮಾಡಲಿಲ್ಲ. ಹುಡುಗನಿಗೆ ಅನ್ನವಷ್ಟೇ ಅಲ್ಲ, ಒಂದು ಮನೆಯ ಗಲಾಟೆ, ನಗೆ, ಜಗಳ, ಹಬ್ಬ ಇವುಗಳ ಪರಿಚಯವೂ ದೊರೆಯಿತು. ಇದನ್ನು ಯಾವ ಆಶ್ರಮವೂ ಕೊಡಲಾರದು.

ಆದರೆ ಎರಡು ದೋಷಗಳು ಅದರ ಬುಡದಲ್ಲಿಯೇ ಇದ್ದುವು. ಒಂದು, ವಾರಾನ್ನ ಜಾತಿಯ ಬೇಲಿಯೊಳಗಿನ ದಾನ. ಆ ಬೇಲಿಯ ಹೊರಗೆ ಹುಟ್ಟಿದ ಹುಡುಗನಿಗೆ ಶಿವಮೊಗ್ಗೆಯ ಏಳು ಮನೆಗಳಲ್ಲ, ಒಂದು ಜಗಲಿಯೂ ಇರಲಿಲ್ಲ. ಹೆಣ್ಣುಮಗಳಿಗೆ ಯಾವ ಜಾತಿಯಲ್ಲಿಯೂ ವಾರಾನ್ನವಿರಲಿಲ್ಲ. ಈ ಕೊರತೆಯನ್ನು ಮೊದಲು ಕಂಡು ಮನಮುಟ್ಟಿ ದುಡಿದವರು ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು (1859-1928). ಅವರು 1897ರಲ್ಲಿ ಸ್ಥಾಪಿಸಿದ ದಲಿತೋದ್ಧಾರದ ಮಿಷನ್ನು ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಯನ್ನೂ ಊಟವನ್ನೂ ಕೊಟ್ಟಿತು; ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನು ಅವರು ಹೊತ್ತುಕೊಂಡರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರವರು ಇದೇ ಹಾದಿಯಲ್ಲಿ ವಿದ್ಯಾರ್ಥಿನಿಲಯಗಳನ್ನು ನಡೆಸಿದರು.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ವಾರಾನ್ನದಲ್ಲಿ ಬೇಡುವವನು ಮಗುವೇ. ಹತ್ತು ಹನ್ನೆರಡು ವರ್ಷದ ಹುಡುಗ ಬಾಗಿಲಲ್ಲಿ ನಿಂತು, ತನ್ನ ತಂದೆ ಸತ್ತ ಕಥೆಯನ್ನು ಏಳು ಮನೆಗಳಲ್ಲಿ ಏಳು ಸಲ ಹೇಳಬೇಕು. ಅನ್ನದ ಬೆಲೆಯನ್ನು ಅವನು ತನ್ನ ಮುಖದಿಂದ ತೆರಬೇಕು. ಈ ಋಣವನ್ನು ಮುಂದೆ ದೊಡ್ಡವರಾದ ಮೇಲೆ ಕೆಲವರು ಕೃತಜ್ಞತೆಯಿಂದ ನೆನೆದರು. ಕೆಲವರು ಆ ಬೀದಿಯಲ್ಲಿ ಮತ್ತೆ ಕಾಲಿಡಲಿಲ್ಲ. ಎರಡೂ ಸ್ವಾಭಾವಿಕವೇ.

ಈ ಹೊರೆಯನ್ನು ಮಗುವಿನ ಹೆಗಲಿಂದ ಇಳಿಸಿ ದೊಡ್ಡವನೊಬ್ಬ ತನ್ನ ಹೆಗಲಿಗೆ ಏರಿಸಿಕೊಂಡನೆಂಬುದು ಕನ್ನಡನಾಡಿನ ದಾನಧರ್ಮದ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ 1917ರಲ್ಲಿ ಉದ್ದಾನ ಶಿವಯೋಗಿಗಳ ಕಾಲಕ್ಕೆ ಉಚಿತ ವಿದ್ಯಾರ್ಥಿನಿಲಯ ಮೊದಲಾಯಿತು. ಅವರ ತರುವಾಯ ಶಿವಕುಮಾರ ಸ್ವಾಮಿಗಳು (1907-2019) ಹಳ್ಳಿಹಳ್ಳಿ ತಿರುಗಿ ಭಿಕ್ಷೆಯೆತ್ತಿ, ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆ ಇನ್ನೂ ಸೋಜಿಗದ್ದು. ಪಂಚಾಕ್ಷರಿ ಗವಾಯಿಗಳು (1892-1944) ಸ್ವತಃ ಅಂಧರು. ಅಂಧ ಮಕ್ಕಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಕೂಡಿಸಿಕೊಂಡು, ಊರಿಂದೂರಿಗೆ ಸಂಚರಿಸಿ, ನಾಟಕ ಮಂಡಲಿ ಕಟ್ಟಿ, ಬಂದ ಹಣದಿಂದ ಆ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಅಲ್ಲಿಯ ಮಗು ಕೈಯಲ್ಲಿ ಹಿಡಿದದ್ದು ಭಿಕ್ಷಾಪಾತ್ರೆಯನ್ನಲ್ಲ, ತಂಬೂರಿಯನ್ನು. ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡು ಸೋದರಮಾವನ ಆಸರೆಯಲ್ಲಿದ್ದ ಪುಟ್ಟರಾಜ ಗವಾಯಿಗಳು (1914-2010) ಆ ಆಶ್ರಮದಲ್ಲಿಯೇ ಬೆಳೆದು, ಗುರುವಿನ ತರುವಾಯ ಆರು ದಶಕಗಳಿಗೂ ಮೀರಿ ಅದನ್ನು ನಡೆಸಿದರು.

ಶಿವಮೊಗ್ಗೆಗೆ ಸಮೀಪದ ದೃಷ್ಟಾಂತ ಮಲ್ಲಾಡಿಹಳ್ಳಿಯದು. ಶಿವಮೊಗ್ಗೆಯಿಂದ ಹೊಳೆಹೊನ್ನೂರು, ಚನ್ನಗಿರಿಗಳನ್ನು ದಾಟಿ ಹೊಳಲ್ಕೆರೆಯ ಕಡೆಗೆ ಹೋದರೆ ಚಿತ್ರದುರ್ಗದ ಸೀಮೆ. ಮಲ್ಲಾಡಿಹಳ್ಳಿ ಆ ತಾಲ್ಲೂಕಿನ ಗ್ರಾಮ. ಹೆತ್ತವರಿಂದ ದೂರವಾಗಿ ಬಾರ್ಕೂರಿನ ದಂಪತಿಗಳ ಮಡಿಲಲ್ಲಿ ಬೆಳೆದ ರಾಘವೇಂದ್ರ ಸ್ವಾಮಿಗಳು 1943ರಲ್ಲಿ ಅಲ್ಲಿಗೆ ಬಂದರು. ವ್ಯಾಯಾಮ, ಯೋಗ, ಆಯುರ್ವೇದ ಇವು ಮೂರೂ ಅವರಿಗೆ ಕರಗತವಾಗಿದ್ದುವು. ಯೋಗ ಕಲಿಸಲು ಬಂದವರು ರೋಗಿಗಳ ಶುಶ್ರೂಷೆಗೆ ನಿಂತರು. ಶುಶ್ರೂಷೆಗೆ ನಿಂತವರು ಮಕ್ಕಳನ್ನು ಕಂಡರು. ಹೀಗೆ ಹುಟ್ಟಿದುದು ಅನಾಥ ಸೇವಾಶ್ರಮ. 1996ರಲ್ಲಿ ತೀರಿಕೊಳ್ಳುವವರೆಗೆ ಅವರು ಅದನ್ನು ಬಿಟ್ಟು ಕದಲಲಿಲ್ಲ. ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯಗಳು ಒಂದೊಂದಾಗಿ ಅದರ ಸುತ್ತ ಎದ್ದುವು.

ಆ ಸಂಸ್ಥೆಯ ಹೆಸರನ್ನು ನಾನು ಆಗಾಗ್ಗೆ ನಾಲಗೆಯ ಮೇಲೆ ಹೊರಳಿಸಿ ನೋಡಿದ್ದೇನೆ. ಅನಾಥಸೇವೆ ಎಂಬ ಸಮಾಸವನ್ನು ಅನಾಥರಿಗೆ ಮಾಡುವ ಸೇವೆಯೆಂದೂ ಬಿಡಿಸಬಹುದು, ಅನಾಥರು ಮಾಡುವ ಸೇವೆಯೆಂದೂ ಬಿಡಿಸಬಹುದು. ಸ್ಥಾಪಕರ ಮನಸ್ಸಿನಲ್ಲಿ ಯಾವುದಿತ್ತೋ, ಎರಡೂ ಅಲ್ಲಿಗೆ ಒಪ್ಪುತ್ತವೆ. ಅವರು ಬರೆಯುವಾಗ ಇಟ್ಟುಕೊಂಡ ಕಾವ್ಯನಾಮ ‘ತಿರುಕ’. ತಮ್ಮ ಜೀವನಕಥೆಗೆ ಇಟ್ಟ ಹೆಸರಿನಲ್ಲಿಯೂ ಜೋಳಿಗೆಯೇ ಇದೆ. ಒಬ್ಬ ವೈದ್ಯ, ಒಬ್ಬ ಯೋಗಾಚಾರ್ಯ, ತನ್ನನ್ನು ತಿರುಕನೆಂದು ಕರೆದುಕೊಳ್ಳುವುದು ವಿನಯದ ಅಲಂಕಾರವೆಂದು ನನಗೆ ತೋರುವುದಿಲ್ಲ. ಬೇಡುವ ಕೆಲಸವನ್ನು ಅವರು ತಮ್ಮ ಉದ್ಯೋಗವನ್ನಾಗಿ ಮಾಡಿಕೊಂಡರು, ಮಕ್ಕಳಿಗೆ ಆ ಉದ್ಯೋಗ ಬರದಿರಲೆಂದು. ಊರೂರುಗಳಲ್ಲಿ ಜೋಳಿಗೆಗೆ ಕಾಸು ಹಾಕಿದವರು ಅದನ್ನು ಹಿಡಿದ ಸ್ವಾಮಿಗಳನ್ನು ಕಂಡರೇ ಹೊರತು ಉಣ್ಣುವ ಮಗುವಿನ ಮುಖವನ್ನು ಕಾಣಲಿಲ್ಲ.

ಇನ್ನು ಭದ್ರಾವತಿಯ ಮಾತು. ಹಿಂದೆ ಬೆಂಕಿಪುರವೆನಿಸಿದ್ದ ಈ ಊರು 1899ರಲ್ಲಿ ಬೀರೂರು-ಶಿವಮೊಗ್ಗೆಯ ರೈಲು ದಾರಿಯ ಮೇಲೆ ಬಂತು; 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕಾರ್ಯಾರಂಭ ಮಾಡಿದ ಮೇಲೆ ಹೊಸ ಜನ್ಮವನ್ನೇ ಎತ್ತಿತು. ಕಾಡಿನ ಸೌದೆಯಿಂದ ಇದ್ದಲು, ಕೆಮ್ಮಣ್ಣುಗುಂಡಿಯಿಂದ ಅದಿರು, ನಾನಾ ಕಡೆಗಳಿಂದ ಜನ. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಸೇರಿತು. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳಗಳು ಒಂದೇ ಸಾಲಿನ ಮನೆಗಳಲ್ಲಿ ಕೇಳಿಬಂದುವು. ಕಾರ್ಖಾನೆಯ ಊರಿನಲ್ಲಿ ಅನಾಥತ್ವದ ರೂಪವೇ ಬೇರೆ. ಇಲ್ಲಿಗೆ ಬಂದ ದುಡಿಮೆಗಾರ ಬಂಧುಗಳನ್ನು ಊರಿನಲ್ಲಿ ಬಿಟ್ಟು ಬಂದಿರುತ್ತಾನೆ. ಅವನಿಗೆ ಏನಾದರೂ ಆದರೆ ಮಗುವಿನ ಸೋದರಮಾವ ಸೇಲಂನಲ್ಲಿಯೋ ಕರ್ನೂಲಿನಲ್ಲಿಯೋ ಇರುತ್ತಾನೆ. ಮೂರು ಪಾಳಿಗಳಲ್ಲಿ ದುಡಿಯುವ ಮನೆಯಲ್ಲಿ ಊಟದ ಹೊತ್ತು ನಿಶ್ಚಯವಿಲ್ಲದುದರಿಂದ ವಾರಾನ್ನದಂಥ ಪದ್ಧತಿ ಅಲ್ಲಿ ಬೇರೂರುವುದು ಕಷ್ಟ. ನೆರೆಯವರ ಕರುಣೆ ಮತ್ತು ತಿಂಗಳ ಸಂಬಳದಿಂದ ಎತ್ತಿಟ್ಟ ಚಂದಾ ಹಣ, ಇವೆರಡೇ ಅಲ್ಲಿಗೆ ಸಹಜವಾದ ಧರ್ಮ. ಜಾತಿ ಕೇಳದ ಧರ್ಮವೆಂಬುದು ಅದರ ಗುಣ. ಸಂಬಳ ನಿಂತರೆ ತಾನೂ ನಿಲ್ಲುವುದೆಂಬುದು ಅದರ ದೌರ್ಬಲ್ಯ. 2015ರಲ್ಲಿ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯ ಹಿಂದಿನ ವೈಭವವೂ ಉಳಿಯಲಿಲ್ಲ. ಚಂದಾ ಕೊಡುತ್ತಿದ್ದ ಕೈಗಳೇ ಕೆಲಸ ಹುಡುಕುತ್ತ ಬೇರೆ ಊರಿಗೆ ಹೋದುವು.

ಈ ನಡುವೆ ಕಾನೂನು ಬಹಳ ಮುಂದಕ್ಕೆ ಬಂದಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಕ್ಕಳನ್ನಿಟ್ಟುಕೊಂಡು ನಡೆಸುವ ಪ್ರತಿಯೊಂದು ಸಂಸ್ಥೆಯೂ ನೋಂದಣಿಯಾಗಬೇಕು. ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಮಗುವನ್ನು ಸಂಸ್ಥೆಗೆ ಸೇರಿಸುವುದು ಮಿಕ್ಕೆಲ್ಲ ದಾರಿಗಳೂ ಮುಚ್ಚಿದ ಮೇಲಿನ ಕಡೆಯ ಉಪಾಯವಾಗಬೇಕು. 2021ರಲ್ಲಿ ಕೊರೋನಾ ವ್ಯಾಧಿಯಿಂದ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರವು ತಿಂಗಳಿಗೆ 3,500 ರೂಪಾಯಿಗಳ ನೆರವನ್ನು ಪ್ರಕಟಿಸಿದುದರ ಹಿಂದೆಯೂ ಮಗು ಬಂಧುಗಳ ಮನೆಯಲ್ಲಿಯೇ ಬೆಳೆಯಲೆಂಬ ಆಶಯ ಉಂಟು. ಹಳೆಯ ಸೋದರಮಾವನನ್ನೇ ಕಾನೂನು ಮತ್ತೆ ಹುಡುಕಿಕೊಂಡು ಹೊರಟಿದೆಯೆನ್ನಬಹುದು. ಈ ಸಲ ಕೈಯಲ್ಲಿ ಸ್ವಲ್ಪ ಹಣವನ್ನೂ ಹಿಡಿದುಕೊಂಡು. ಅದೇ 2015ರ ಕಾಯಿದೆಯಲ್ಲಿ ನಮ್ಮಲ್ಲಿ ಬಹುಮಂದಿಗೆ ತಿಳಿಯದ ಇನ್ನೊಂದು ವಿಧಿ ಇದೆ. ಇಂಥ ಮಗುವಿನ ಹೆಸರನ್ನಾಗಲಿ ಚಿತ್ರವನ್ನಾಗಲಿ, ಅದರ ಗುರುತು ಹತ್ತುವಂತೆ ಪತ್ರಿಕೆ ಮೊದಲಾದ ಮಾಧ್ಯಮಗಳಲ್ಲಿ ಪ್ರಕಟಿಸುವುದು ಅಪರಾಧ. ಆರು ತಿಂಗಳ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿಗಳ ದಂಡ, ಇಲ್ಲವೆ ಎರಡೂ ವಿಧಿಸಬಹುದು. ತಿರುಕನ ಜೋಳಿಗೆ ಮಾಡಿದ ಕೆಲಸವನ್ನೇ ಈ ವಿಧಿಯೂ ಮಾಡಹೊರಟಿದೆ.

ಈ ವಿಧಿಯನ್ನು ನಾನು ತಡವಾಗಿ ಓದಿದೆ. ಅದಕ್ಕೆ ಕೆಲವು ವರ್ಷ ಮುಂಚೆ, ಮನೆಯಲ್ಲಿ ನಡೆದ ಒಂದು ಶುಭಕಾರ್ಯದ ನೆಪದಲ್ಲಿ, ಶಿವಮೊಗ್ಗೆಯ ಮಕ್ಕಳ ಮನೆಯೊಂದಕ್ಕೆ ಸಿಹಿಯೂಟ ಮಾಡಿಸಿಕೊಂಡು ಹೋಗಿದ್ದೆ. ಮಕ್ಕಳು ಸಾಲಾಗಿ ನಿಂತು ಪ್ರಾರ್ಥನೆ ಹಾಡಿದರು. ನಮ್ಮ ಹೆಸರು ಹೇಳಿ ವಂದಿಸಿದರು. ನನ್ನ ಜೊತೆಗೆ ಬಂದವರು ಚಿತ್ರ ತೆಗೆಯತೊಡಗಿದರು; ನಾನು ಬೇಡವೆನ್ನಲಿಲ್ಲ, ನಡುವೆ ನಿಂತುಕೊಂಡೆ. ಒಂಬತ್ತು ಹತ್ತು ವರ್ಷದ ಹುಡುಗನೊಬ್ಬ ತನ್ನ ತಟ್ಟೆಯನ್ನೆತ್ತಿಕೊಂಡು ಕಂಬದ ಮರೆಗೆ ಹೋಗಿ ಗೋಡೆಯ ಕಡೆಗೆ ಮುಖ ಮಾಡಿ ಉಂಡ. ನಾಚಿಕೆಯ ಹುಡುಗನೆಂದುಕೊಂಡು ನಕ್ಕೆ. ಏಳು ಮನೆಗಳ ಬಾಗಿಲಲ್ಲಿ ನಿಂತ ಹುಡುಗನ ಕಥೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಿದವನು ನಾನು. ಕಣ್ಣೆದುರಿಗೇ ಇದ್ದವನು ಕಾಣಲಿಲ್ಲ.

ಆ ಮಧ್ಯಾಹ್ನ ಕೈತೊಳೆಯಲು ಹಿತ್ತಿಲಿಗೆ ಹೋದಾಗ ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಬಟ್ಟೆಯ ರಾಶಿಯ ಮುಂದೆ ಕುಳಿತಿದ್ದರು. ಭದ್ರಾವತಿಯವರು, ಯಜಮಾನರು ಕಾರ್ಖಾನೆಯಲ್ಲಿದ್ದು ತೀರಿಕೊಂಡಿದ್ದರು. ವಾರಕ್ಕೊಂದು ದಿನ ಬಸ್ಸಿನಲ್ಲಿ ಬಂದು, ಹರಿದ ಅಂಗಿಗಳನ್ನು ಹೊಲಿದು, ಹೋದ ಗುಂಡಿಗಳನ್ನು ಹಚ್ಚಿ, ಸಂಜೆಯ ಬಸ್ಸಿಗೆ ಹಿಂದಿರುಗುವರಂತೆ. ಮಕ್ಕಳು ಬೆಳಿಗ್ಗೆ ಶಾಲೆಗೆ ಹೋಗುವಾಗ ಬುಟ್ಟಿಯಲ್ಲಿ ಹಾಕಿ ಹೋಗುತ್ತಾರೆ, ಬಂದು ತೆಗೆದುಕೊಳ್ಳುತ್ತಾರೆ. ಯಾರ ಅಂಗಿ ಯಾವುದೆಂದು ನಿಮಗೆ ಹೇಗೆ ತಿಳಿಯುತ್ತದೆಂದು ಕೇಳಿದೆ. ನನಗೆ ತಿಳಿಯಬೇಕಾಗಿಲ್ಲ, ಅವರಿಗೆ ತಿಳಿದರೆ ಸಾಕು, ಎಂದರು. ಊಟಕ್ಕೆ ಏಳಿರೆಂದೆ. ಇನ್ನೂ ನಾಲ್ಕು ಅಂಗಿ ಇವೆ ಎಂದು, ಕಣ್ಣು ಮಂಜಾಗಿದೆಯೆಂದು ಹೇಳಿ, ಸೂಜಿಯನ್ನೂ ದಾರವನ್ನೂ ನನ್ನ ಕೈಗೆ ಕೊಟ್ಟರು. ಮೂರನೆಯ ಪ್ರಯತ್ನಕ್ಕೆ ಪೋಣಿಸಿಕೊಟ್ಟೆ.